ಪಾದ್ರಿ ಮನೆಯ ವರ್ಷಗಳು

ಚಟ್ಟ ಕಟ್ಟಲು ಗಂಡಸರು ಯಾರೂ ಬಾರದಿದ್ದಾಗ ಸೂರಮ್ಮ ತಾನೇ ಕುರಿರೊಪ್ಪದ ಬೇಲಿಯಿಂದ ಎರಡು ಉದ್ದನೆಯ ಗಳ ಕಿತ್ತುಕೊಂಡು ಬಂದಳು. ಅಂಗಳದಲ್ಲಿ ಅವನ್ನು ಜೋಡಿಸಿ, ಅಡ್ಡಕ್ಕೆ ಸೌದೆಯ ತುಂಡುಗಳನ್ನಿಟ್ಟು, ನೀರು ಸೇದುವ ಹಗ್ಗ ಬಿಚ್ಚಿ ಬಿಗಿಯತೊಡಗಿದಳು. ಹಾಕಿದ ಗಂಟು ಜಾರುತ್ತಿತ್ತು. ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಮತ್ತೆ ಹಾಕಿದಳು.

ಒಳಗೆ ನಡುಮನೆಯಲ್ಲಿ ಗಂಡ ದೊಡ್ಡಪಾಲಯ್ಯ ಗೋಡೆಗೊರಗಿ ಕೂತಿದ್ದ. ಕೂರಿಸಿದವಳೂ ಅವಳೇ, ಗಲ್ಲಕ್ಕೆ ಬಟ್ಟೆ ಕಟ್ಟಿದವಳೂ ಅವಳೇ. ಕೋಳಿ ಕೂಗುವ ಮುಂಚೆ ಹೋದ ಜೀವ. ಈಗ ಬಿಸಿಲು ಅಂಗಳ ದಾಟಿ ಹೊಸಿಲಿಗೆ ಬಂದಿತ್ತು. ವೈಶಾಖದ ಬಿಸಿಲು. ಇನ್ನೊಂದು ಹೊತ್ತು ಹೀಗೇ ಕಳೆದರೆ ಮನೆಯೊಳಗೆ ನಿಲ್ಲುವಂತಿರುವುದಿಲ್ಲ.

ಹಟ್ಟಿಯಲ್ಲಿ ಗಂಡಸರಿರಲಿಲ್ಲವೆಂದಲ್ಲ. ಎದುರಿಗೇ ಹುಣಸೆಮರದ ಕೆಳಗೆ ಕೂತಿದ್ದರು. ಸಾವಿನ ಮನೆಯ ಮುಂದೆ ಕೂರುವ ಹಾಗೆಯೇ ತಲೆ ತಗ್ಗಿಸಿ ಕೂತಿದ್ದರು. ಮರದ ನೆರಳು ಬಿಟ್ಟು ಈಚೆಗೆ ಮಾತ್ರ ಒಬ್ಬರೂ ಬಂದಿರಲಿಲ್ಲ. ತಮಟೆಯವನು ತಮಟೆಯನ್ನು ಮಗ್ಗುಲಿಗಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದ.

ಕೊನೆಗೆ ಕಾಟಪ್ಪ ಎದ್ದು ಬಂದ. ದೊಡ್ಡಪಾಲಯ್ಯನ ಚಿಕ್ಕಪ್ಪನ ಮಗ; ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅಂಗಳದ ಅಂಚಿನಲ್ಲಿ ನಿಂತು ಚಟ್ಟ ನೋಡಿದ.

"ಅತ್ತಿಗೆ, ಹಿಂಗ್ ಕಟ್ಟಿದ್ರೆ ನಿಲ್ಲಾಕಿಲ್ಲ. ಎತ್ತಿದ ಕೂಡ್ಲೆ ಬಿಚ್ಚಿಕ್ಯಂತದೆ."

"ಹಂಗಾರೆ ಬಂದು ಕಟ್ಟು."

ಕಾಟಪ್ಪ ಹುಣಸೆಮರದ ಕಡೆ ನೋಡಿದ. "ಯಜಮಾನ್ರು ಒಂದ್ ಮಾತು ಕೇಳ್ಬೇಕಂತಾರೆ. ಅದೊಂದು ಆಗ್ಲಿ."

ಹಟ್ಟಿಯ ಯಜಮಾನ ಗಾದ್ರಪ್ಪ ಕೋಲೂರಿಕೊಂಡು ಬಂದ. ಎಂಬತ್ತರ ಹತ್ತಿರದ ಮನುಷ್ಯ. ಅವನ ಮಗನನ್ನು ಹೊಡೆದಾಟದ ಮೊಕದ್ದಮೆಯಲ್ಲಿ ಹಿಡಿದು ಒಯ್ದಾಗ, ಮೊಳಕಾಲ್ಮುರು ಕಚೇರಿಯ ಮುಂದೆ ಕೂತು ಅರ್ಜಿ ಬರೆದು ಬಿಡಿಸಿಕೊಟ್ಟವನು ದೊಡ್ಡಪಾಲಯ್ಯನೇ. ಅದು ಅವನಿಗೂ ನೆನಪಿತ್ತು, ಸೂರಮ್ಮನಿಗೂ ನೆನಪಿತ್ತು. ಹಾಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನೋಡು ಸೂರಮ್ಮ, ನನ್ ಹೆಗಲು ಅವನಿಗೆ ಬ್ಯಾಡ ಅಂತ ನಾನಂದಿಲ್ಲ," ಎಂದ. "ಅವ್ನೇ ಅಂದಿದ್ದು. ಉಗಾದಿ ದಿನ ಕಟ್ಟೆ ಮ್ಯಾಲೆ ಕೂತು ಎಲ್ಲಾರ ಮುಂದೆ ಓದಿದ. ಬಳ್ಳಾರಿ ಪಾದ್ರಿ ಮನೇಲಿ ನಾಕು ವರ್ಷ ಉಂಡೆ, ಬ್ಯಾರೆ ಹೆಸರು ಇಟ್ಕಂಡಿದ್ದೆ ಅಂತ. ಬದುಕಿರ್ತ ಕುಲದ ಕಟ್ಟೆಮನೆ ಹಿರಿಯರ ಮುಂದೆ ಬಂದು ನಿಂತಿದ್ರೆ, ಚಿನ್ನ ಕಾಸಿ ನಾಲಿಗೆಗೆ ಮುಟ್ಸಿ ಒಳಗೆ ಕರ್ಕಂತಿದ್ವಿ. ಸತ್ತೋನ ನಾಲಿಗೆ ಸುಟ್ರೆ ಏನ್ ಬಂತು?"

ಸೂರಮ್ಮ ಹಗ್ಗ ಬಿಡಲಿಲ್ಲ.

"ಒಂದ್ ಮಾತು. ಜ್ವರದಾಗೆ ಏನೇನೋ ಬರ್ದ, ಅದು ನಿಜ ಅಲ್ಲ ಅನ್ನು. ನಾಕ್ ಜನ ಕೇಳಂಗೆ ಅನ್ನು. ಈ ಗಳಿಗೆ ಎತ್ತುತೀವಿ. ನಿನ್ ಮಗಳ ಯೋಚ್ನೆ ಮಾಡು. ಗೌರಸಮುದ್ರದ ಬೀಗರು ಆಕೀನ ಯಾಕೆ ಕಳಿಸಿಲ್ಲ? ಅಪ್ಪ ಸತ್ತರೂ ಕಳಿಸಿಲ್ಲ. ನಿನ್ ಬಾಯಾಗೆ ಏನ್ ಬರ್ತದೆ ಅಂತ ಕಾಯ್ತಾವ್ರೆ."

ಮಗಳು ಯರ್ರಮ್ಮ ಎಳೆಕೂಸಿನ ತಾಯಿ. ಕೂಸಿನ ಮುಖವನ್ನು ಸೂರಮ್ಮ ಇನ್ನೂ ನೋಡಿರಲಿಲ್ಲ. ಒಂದು ಮಾತು ತಾನೆ, ಅಂದುಬಿಟ್ಟರಾಯಿತು ಎಂದು ಬಾಯಿ ತೆರೆದಳು. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗಾದ್ರಪ್ಪ ಕಾದ. ಅವಳು ಬಗ್ಗಿ ಮತ್ತೆ ಗಂಟು ಹಾಕತೊಡಗಿದಳು.

* * *

ದೊಡ್ಡಪಾಲಯ್ಯ ಜೀವನವಿಡೀ ಬೇರೆಯವರ ಕಷ್ಟ ಬರೆದವನು. ಸಂತೆಯ ದಿನ ಚಳ್ಳಕೆರೆ, ಉಳಿದ ದಿನ ಮೊಳಕಾಲ್ಮುರು. ಹುಲ್ಲುಗಾವಲಿನ ತಕರಾರು, ಕಳೆದುಹೋದ ಎತ್ತು, ಓಡಿಹೋದ ಗಂಡ, ಎಲ್ಲಕ್ಕೂ ಅವನದೊಂದು ಅರ್ಜಿ. ಅಕ್ಷರ ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಒಂದೇ ಉತ್ತರ: ಧಾತು ಸಂವತ್ಸರದ ದೊಡ್ಡ ಬರಗಾಲಕ್ಕೆ ರಾಯದುರ್ಗದ ಕಡೆ ನಮ್ಮವರ ಮನೆಯಲ್ಲಿ ದನ ಕಾಯ್ತಿದ್ದೆ, ಆ ಊರಿನ ಐಗಳು ಕಲಿಸಿದರು. ಸೂರಮ್ಮನೂ ಮದುವೆಯಾದಂದಿನಿಂದ ಅದನ್ನೇ ನಂಬಿದ್ದಳು.

ಹೋದ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಅವನು ಬೇವಿನಮರದ ಕೆಳಗೆ ಹಲಗೆ ಹಾಕಿಕೊಂಡು ತನ್ನದನ್ನು ಬರೆಯಲು ಕೂತ. ಕೈ ಅಭ್ಯಾಸಬಲದಿಂದ 'ಮಹಾಪ್ರಭುಗಳ ಪಾದಾರವಿಂದಗಳಿಗೆ' ಎಂದು ಬರೆದು ನಿಂತುಬಿಟ್ಟಿತು. ಅವನಿಗೇ ನಗು ಬಂತು.

"ಯಾರಿಗೆ ಬರೀತಿದ್ದೀನಿ ಅಂತ್ಲೇ ಗೊತ್ತಾಗವಲ್ದು ಸೂರಿ."

"ಅಂಥದೇನು ಬರಿಯಾದು ಐತೆ ನಿನ್ನದು?"

ಆಗ ಹೇಳಿದ. ಬರೆದಷ್ಟನ್ನು ದಿನದಿನವೂ ಓದಿ ಹೇಳಿದ. ಹನ್ನೆರಡು ವರ್ಷದ ಹುಡುಗ. ಅಪ್ಪ ದಾರಿಯಲ್ಲಿ ಸತ್ತಿದ್ದ. ಅವ್ವ ಅವನನ್ನೂ ಅಕ್ಕ ಕರಿಯಕ್ಕನನ್ನೂ ಕರೆದುಕೊಂಡು ಬಳ್ಳಾರಿ ರಸ್ತೆ ಹಿಡಿದಿದ್ದಳು. ಅವನ ಕಾಲು ಊದಿಕೊಂಡು ನಡೆಯಲಾಗುತ್ತಿರಲಿಲ್ಲ. ಪಾದ್ರಿಗಳು ಅನಾಥ ಮಕ್ಕಳನ್ನು ಸಾಕುವ ಮನೆಯೊಂದರ ಬಾಗಿಲಲ್ಲಿ ಅವನನ್ನು ಕೂರಿಸಿ, ಇಲ್ಲೇ ಇರು, ನೀರು ತರ್ತೀನಿ ಎಂದು ಹೋದಳು. ಹೊತ್ತು ಮುಳುಗಿತು. ಯಾರೋ ಬಂದು ಅವನನ್ನು ಎತ್ತಿ ಒಳಗೆ ಮಲಗಿಸಿದರು.

ಆಮೇಲಿನದು ನಾಲ್ಕು ವರ್ಷ. ಅವನಿಗೆ ಯೋಸೇಪ ಎಂದು ಹೆಸರಿಟ್ಟರು. ಮೊದಮೊದಲು ಆ ಹೆಸರಿಗೆ ಓಗೊಡಲಿಲ್ಲ. ಅನ್ನ ಬಡಿಸುವಾಗಲೂ ಅದೇ ಹೆಸರು ಕೂಗುತ್ತಿದ್ದರಿಂದ ಓಗೊಡುವುದನ್ನು ಕಲಿತ. ಸಾಲಾಗಿ ಮಲಗುತ್ತಿದ್ದ ಹುಡುಗರಲ್ಲಿ ಬೆಳಗಾದರೆ ಒಬ್ಬರೋ ಇಬ್ಬರೋ ಏಳುತ್ತಿರಲಿಲ್ಲ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ. ಹಾಡಿನ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣ ದನಿ ಅವನದು. ಒಂದು ದಿನ ಹಾಡುತ್ತಿದ್ದಂತೆ ದನಿ ಒಡೆದುಹೋಯಿತು, ಹುಡುಗರೆಲ್ಲ ನಕ್ಕರು. ಗಂಡಸಾಗ್ತಿದ್ದೀಯ ಕಣೋ ಎಂದು ಅಡಿಗೆಯ ಮುದುಕಿ ಹೇಳಿದಾಗ ಹಿತ್ತಿಲಿಗೆ ಹೋಗಿ ಅತ್ತ. ಇದನ್ನು ನೋಡಲು ಅವ್ವ ಇಲ್ಲವಲ್ಲ ಎಂದು ಅತ್ತನಂತೆ. ಹದಿನಾರರಲ್ಲಿ ಒಂದು ದನದ ಹಿಂಡಿನ ಹಿಂದೆ ಸೇರಿಕೊಂಡು ಹಟ್ಟಿಗೆ ಬಂದ. ಅವ್ವ ಅವನನ್ನು ನೋಡಿದಳು. ಅಳಲಿಲ್ಲ. ಹಿತ್ತಿಲಿಗೆ ಎಳೆದುಕೊಂಡು ಹೋಗಿ ತಲೆಗೆ ನೀರು ಹೊಯ್ಯುತ್ತ, "ನೀನು ರಾಯದುರ್ಗದ ಕಡೆ ನಮ್ಮೋರ ದನ ಕಾಯ್ತಿದ್ದೆ. ತಿಳೀತಾ?" ಎಂದಳು. ಹೂಂ ಅಂದ. ಪಾಲಯ್ಯ ಎಂದು ಯಾರಾದರೂ ಕರೆದರೆ ತಿರುಗಿ ನೋಡುವುದಕ್ಕೆ ಆಮೇಲೆ ಎಷ್ಟೋ ದಿನ ಹಿಡಿಯಿತು.

"ಬ್ಯಾಡ, ಇದನ್ನೆಲ್ಲ ಬರೀಬ್ಯಾಡ," ಎಂದಿದ್ದಳು ಸೂರಮ್ಮ. "ಯಾರು ಕೇಳಿದ್ರು ನಿನ್ನ?"

"ಮನುಷ್ಯ ಮನುಷ್ಯ ಆಗೋದೇ ಆ ವಯಸ್ನಾಗೆ. ಆ ನಾಕು ವರ್ಷ ನಾನು ಅಲ್ಲಿ ಇರಲಿಲ್ಲ ಅಂದ್ರೆ, ಈಗ ಇಲ್ಲಿ ಕೂತಿರೋನು ಯಾರು ಹೇಳು."

ಆದರೆ ಅವನಿಗೇ ಒಂದು ತಿಳಿದಿರಲಿಲ್ಲ. ಬರಗಾಲ ಹೋಗಿ ಮಳೆ ಬಂದ ಮೇಲೂ ಅವ್ವ ತನ್ನನ್ನು ಕರೆದೊಯ್ಯಲು ಯಾಕೆ ಬರಲಿಲ್ಲ? ಬದುಕಿರುವಾಗ ಅವಳನ್ನು ಕೇಳುವ ಧೈರ್ಯವಾಗಿರಲಿಲ್ಲ. ಆ ಜಾಗಕ್ಕೆ ಬಂದಾಗಲೆಲ್ಲ ಲೇಖನಿ ನಿಲ್ಲುತ್ತಿತ್ತು. ಬರೆದು, ಹೊಡೆದುಹಾಕಿ, ಮತ್ತೆ ಬರೆದು, 'ನಾನು ಬ್ಯಾಡಾಗಿದ್ದೆನೇನೋ' ಎಂದು ಒಂದು ಸಾಲು ಉಳಿಸಿದ್ದ.

ಜ್ವರ ಹತ್ತಿ, ಇನ್ನು ತಾನು ಉಳಿಯುವುದಿಲ್ಲ ಅನ್ನಿಸಿದಾಗ ಉಗಾದಿಯ ದಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಓದಿದ. ಆ ಕಾಲ ಕಂಡವರು ಯಾರಾದರೂ ಒಂದು ಮಾತು ಹೇಳಬಹುದೆಂಬ ಆಸೆ. ಹಬ್ಬಕ್ಕೆಂದು ಕೊಂಡ್ಲಹಳ್ಳಿಯಿಂದ ಬಂದಿದ್ದ ಕರಿಯಕ್ಕ ಹೆಂಗಸರ ಗುಂಪಿನಲ್ಲಿ ನಿಂತು ಕೇಳಿದಳು. ಓದು ಮುಗಿದಾಗ ಒಬ್ಬರೂ ಮಾತಾಡಲಿಲ್ಲ. ಕರಿಯಕ್ಕ ಉಣ್ಣದೆ ತನ್ನೂರಿಗೆ ಹೊರಟುಹೋದಳು.

"ಅಕ್ಕ ಏನೂ ಅನ್ನಲಿಲ್ಲ," ಎಂದ ದೊಡ್ಡಪಾಲಯ್ಯ ಮನೆಗೆ ಬಂದು. ಆಮೇಲೂ ಜ್ವರ ಏರಿದಾಗಲೆಲ್ಲ ಅದನ್ನೇ ಹೇಳುತ್ತಿದ್ದ. ಅಕ್ಕ ಏನೂ ಅನ್ನಲಿಲ್ಲ.

* * *

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ರಾಂಪುರದ ದಾದಾಪೀರ್ ಗಾಡಿ ಹೊಡೆದುಕೊಂಡು ಬಂದ. ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆಯುವ ಕೆಲಸ ಅವನದು. ಮೊಳಕಾಲ್ಮುರಿಗೆ ಹೋಗುವಾಗಲೆಲ್ಲ ದೊಡ್ಡಪಾಲಯ್ಯನನ್ನು ತನ್ನ ಗಾಡಿಯಲ್ಲೇ ಕರೆದೊಯ್ಯುತ್ತಿದ್ದವನು. ಗಾಡಿಯ ತುಂಬ ಜಾಲಿಸೌದೆ ಇತ್ತು.

"ಭಾಬಿ, ಸೌದೆ ತಂದೀನಿ," ಎಂದ. ಅಂಗಳದಲ್ಲಿದ್ದ ಚಟ್ಟ ನೋಡಿ ಅವನ ದನಿ ತಗ್ಗಿತು. "ನೀವು ಹೂಂ ಅಂದ್ರೆ ಗಾಡಿ ಮ್ಯಾಲೆ ಮಲಗಿಸ್ಕಂಡು ಹೋಗಾನ. ನಮ್ ಹುಡುಗರು ಇಬ್ರು ಬರ್ತಾರೆ. ನಿಮ್ ಪದ್ಧತಿ ಹೆಂಗೈತೋ ಹಂಗೇ ಮಾಡ್ಸಿ, ನಾವು ದೂರ ನಿಂತ್ಕಂತೀವಿ."

"ಪೀರಣ್ಣ, ನೀನು ಒಳ್ಳೇ ಮನಸ್ನಾಗೇ ಬಂದೀಯ," ಎಂದ ಗಾದ್ರಪ್ಪ. "ಆದ್ರೆ ಹೆಣ ಆ ಗಾಡಿ ಹತ್ತಿದ್ರೆ ಆಕೆ ತಿರುಗ ಈ ಹಟ್ಟಿಗೆ ಬರೋ ದಾರಿ ಇಲ್ಲ. ಅದನ್ನೂ ಹೇಳ್ಬಿಡು ಆಕಿಗೆ."

ಅವಳಿಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ. ಸೂರಮ್ಮ ಎದ್ದು ಒಳಗೆ ಹೋದಳು.

ಗಂಡನ ಮುಖದ ಮೇಲೆ ನೊಣ ಮುತ್ತಿದ್ದವು. ಸೆರಗು ಬೀಸಿ ಓಡಿಸಿದಳು. ಕಂಕುಳಿಗೆ ಎರಡೂ ಕೈ ಹಾಕಿ ಎತ್ತಲು ನೋಡಿದಳು. ಜ್ವರದಲ್ಲಿ ಎಲುಬಿನ ಗೂಡಾಗಿದ್ದವನು, ನಿನ್ನೆ ಅವಳೊಬ್ಬಳೇ ಮಗ್ಗುಲು ಹೊರಳಿಸಿದ್ದವನು, ಈಗ ಬಂಡೆಯಂತೆ ಭಾರವಾಗಿದ್ದ. ಅರ್ಧ ಎದ್ದ ಹೆಣ ಸರಿದು ಅವಳ ಮೇಲೇ ಬಿತ್ತು. ಇಬ್ಬರೂ ನೆಲಕ್ಕುರುಳಿದರು. ಗಂಡನ ತಣ್ಣನೆಯ ಹಣೆ ಅವಳ ಕೊರಳಿಗೆ ಒತ್ತಿಕೊಂಡಿತ್ತು. ಏಳಲು ಅವಳಿಗೆ ಆಗಲಿಲ್ಲ. ಹಾಗೇ ಮಲಗಿ, ಹೊರಗಿನವರಿಗೆ ಕೇಳದಂತೆ, "ಯಾಕೆ ಓದ್ದೆ? ನನಗೆ ಓದಿ ಹೇಳಿದ್ದು ಸಾಲದಾಗಿತ್ತಾ?" ಎಂದು ಅವನನ್ನೇ ಕೇಳಿದಳು.

ಹೊಸಿಲಿನಾಚೆಯಿಂದ ದಾದಾಪೀರ್ ಬಗ್ಗಿ ನೋಡಿದ. "ಭಾಬಿ, ನಾನು ಮುಟ್ಟಲಾ?"

ಮುಟ್ಟು ಎಂದು ಅವಳು ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಅವನನ್ನು ಸರಿಸಿಕೊಂಡು ಕರಿಯಕ್ಕ ಒಳಗೆ ಬಂದಳು.

ಕೊಂಡ್ಲಹಳ್ಳಿಯಿಂದ ಬಿಸಿಲಲ್ಲಿ ನಡೆದು ಬಂದಿದ್ದಳು, ಮೊಣಕಾಲಿನವರೆಗೂ ಧೂಳು. ತಮ್ಮನನ್ನು ಸೂರಮ್ಮನ ಮೇಲಿಂದ ಸರಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗಾದ್ರಪ್ಪ ಬಾಗಿಲಿಗೆ ಬಂದ. ಅವನ ಹಿಂದೆ ಹುಣಸೆಮರದವರೂ ಬಂದರು.

"ಕರಿಯಕ್ಕ, ನೀನು ಒಡಹುಟ್ಟಿದಾಕೆ. ಆ ಬರದಾಗೆ ಜೊತೆಗಿದ್ದಾಕೆ. ನೀನೇ ಹೇಳು. ಇವ್ನು ಓದಿದ್ದು ನಿಜವಾ?"

ಕರಿಯಕ್ಕ ತಲೆಯೆತ್ತಲಿಲ್ಲ. ಎರಡೂ ಅಂಗೈಯನ್ನು ತಮ್ಮನ ನೆತ್ತಿಯ ಮೇಲೆ ಊರಿದಳು.

"ನನ್ ತಮ್ಮನ ತಲೆ ಮುಟ್ಟಿ ಹೇಳ್ತೀನಿ. ಇವ್ನು ಯಾವ ಪಾದ್ರಿ ಮನೆ ಹೊಸಿಲೂ ತುಳಿದಿಲ್ಲ. ರಾಯದುರ್ಗದ ಕಡೆ ನಮ್ಮೋರ ದನ ಕಾಯ್ತಿದ್ದ. ಜ್ವರ ನೆತ್ತಿಗೇರಿ ಹಂಗೆಲ್ಲಾ ಬರ್ದ."

ಬಾಗಿಲಲ್ಲಿ ನಿಂತಿದ್ದವರು ಉಸಿರು ಬಿಟ್ಟಿದ್ದು ಸೂರಮ್ಮನಿಗೆ ಕೇಳಿಸಿತು. ಮರುಗಳಿಗೆಯೇ ತಮಟೆ ಬಡಿಯತೊಡಗಿತು. ಕಾಟಪ್ಪ ಅಂಗಳಕ್ಕೆ ಹಾರಿ ಅವಳು ಕಟ್ಟಿದ್ದನ್ನೆಲ್ಲ ಬಿಚ್ಚಿ, ಕಣ್ಣೊರೆಸಿಕೊಳ್ಳುತ್ತ ಹೊಸದಾಗಿ ಚಟ್ಟ ಕಟ್ಟಿದ. ನೀರು ಬಂತು, ಅರಿಸಿನ ಬಂತು, ಹೂವು ಬಂತು. ಅಷ್ಟು ಹೊತ್ತು ಎಲ್ಲಿದ್ದವೋ ಅಷ್ಟೊಂದು ಕೈ.

ಹೊರಡುವಾಗ ಗಾದ್ರಪ್ಪ ಮೆಲ್ಲಗೆ ಹೇಳಿದ. "ಆ ಕಾಗ್ದ ಕೊಟ್ಬಿಡು ತಾಯಿ. ಅವನ ಜೊತೇಲೇ ಹೋಗ್ಲಿ."

ಸೂರಮ್ಮ ಗೂಡಿನಿಂದ ಕಾಗದದ ಕಟ್ಟು ತಂದುಕೊಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಟಪ್ಪ ಅದನ್ನು ಹೆಣದ ಹೆಗಲ ಕೆಳಗೆ ಸೇರಿಸಿದ. ದಾದಾಪೀರ್‌ನ ಸೌದೆಯನ್ನು ಯಾರೂ ಬೇಡವೆನ್ನಲಿಲ್ಲ. ಮೆರವಣಿಗೆಯ ಹಿಂದೆ ಅವನು ಬರಿಗಾಲಲ್ಲಿ ಗಾಡಿ ನಡೆಸಿಕೊಂಡು ಬಂದ.

* * *

ಹೆಂಗಸರು ಹಳ್ಳದವರೆಗೆ ಹೋಗಿ ನಿಲ್ಲುವುದು ರೂಢಿ. ಹಳ್ಳದಲ್ಲಿ ನೀರಿರಲಿಲ್ಲ; ಮರಳು ತೋಡಿ ಮಾಡಿದ ಗುಂಡಿಯೊಂದರಲ್ಲಿ ಸ್ವಲ್ಪ ಒಸರುತ್ತಿತ್ತು. ದಿಬ್ಬದಾಚೆ ಗಂಡಸರು ಕಟ್ಟಿಗೆ ಜೋಡಿಸುವ ಸದ್ದು ಕೇಳುತ್ತಿತ್ತು. ಉಳಿದ ಹೆಂಗಸರು ಕೈಕಾಲು ತೊಳೆದು ಹಟ್ಟಿಯ ಕಡೆ ತಿರುಗಿದರು. ಸೂರಮ್ಮನೂ ಕರಿಯಕ್ಕನೂ ಉಳಿದರು.

"ಸತ್ತೋನ ತಲೆ ಮುಟ್ಟಿ ಸುಳ್ಳು ಹೇಳ್ದೆ ಅಕ್ಕ," ಎಂದಳು ಸೂರಮ್ಮ.

"ಹೂಂ."

"ನಾನೂ ಹೇಳ್ತಿದ್ನೇನೋ. ಬಾಯಿ ತೆಗೆದಿದ್ದೆ. ನೀನು ಬರದಿದ್ರೆ ಹೇಳ್ಬಿಡ್ತಿದ್ದೆ." ಅವಳ ಸಿಟ್ಟು ಯಾರ ಮೇಲೆಂದು ಅವಳಿಗೇ ಗೊತ್ತಾಗಲಿಲ್ಲ. "ಆದ್ರೆ ಉಗಾದಿ ದಿನ ನೀನು ಒಂದ್ ಮಾತು ಆಡಬಹುದಿತ್ತು. ಸಾಯೋ ಗಂಟ ಅದೇ ಹಲುಬಿದ, ಅಕ್ಕ ಏನೂ ಅನ್ನಲಿಲ್ಲ ಅಂತ. ಅವ್ವಂಗೆ ನಾನು ಬ್ಯಾಡಾಗಿದ್ದೆ ಅಂತ ಅಂದ್ಕಂಡೇ ಸತ್ತ."

ಕರಿಯಕ್ಕ ಮರಳಿನ ಮೇಲೆ ಕುಕ್ಕರಿಸಿದಳು. ಗುಂಡಿಯ ನೀರಿಗೆ ಕೈ ಹಾಕಿ ಹಾಗೇ ಹಿಂದಕ್ಕೆ ತೆಗೆದಳು.

"ಅವ್ವ ನೀರಿಗೆ ಹೋಗ್ಲಿಲ್ಲ ಸೂರಿ. ರಸ್ತೆ ಆ ಕಡೆ ಒಂದು ಮುರುಕು ಗಾಡಿ ಬಿದ್ದಿತ್ತು. ಅದರ ಹಿಂದೆ ನನ್ನ ಕೂರಿಸ್ಕಂಡು, ನಾನು ಕೂಗಬಾರ್ದು ಅಂತ ಬಾಯಿ ಅದುಮಿ ಹಿಡ್ಕಂಡಿದ್ಲು. ಅವನ್ನ ಒಳಗೆ ಎತ್ಕಂಡು ಹೋಗಾ ಗಂಟ ಅಲ್ಲೇ ಇದ್ವಿ. ಅವ್ನು ನಮ್ಮನ್ನ ಹುಡುಕ್ತಾ ಇದ್ದ. ನಂಗೆ ಕಾಣ್ತಿತ್ತು."

"ಆಮ್ಯಾಲೆ?"

"ಮಳೆ ಬಂದ ವರ್ಷ ನನ್ನ ಕರ್ಕಂಡು ತಿರುಗ ಬಳ್ಳಾರಿಗೆ ನಡೆದ್ಲು. ಬೇಲಿ ಸಂದೀಲಿ ನೋಡಿದ್ವಿ. ಮರಳಿನ ಮ್ಯಾಲೆ ಏನೋ ಬರೀತಾ ಕೂತಿದ್ದ. ಕೆನ್ನೆ ತುಂಬ್ಕಂಡಿತ್ತು. ಪಕ್ಕದ ಹುಡುಗ ಏನೋ ಅಂದ, ಇವ್ನು ನಕ್ಕ. ಅವ್ವ ಬೇಲಿ ಹಿಡ್ಕಂಡು, ನಾಯ್ನಾ, ನನ್ನಪ್ಪಾ ಅಂತ ಬಾಯೊಳಗೇ ಅಂತಿದ್ಲು. ದನಿ ಹೊರಗೆ ಬಿಡ್ಲಿಲ್ಲ. ನಾನಂದೆ, ಅವ್ವಾ, ಜೋರಾಗಿ ಕರೀ, ಅವನಿಗೆ ಕೇಳ್ತದೆ ಅಂತ. ಕರೆದ್ರೆ ಬಂದ್ಬಿಡ್ತಾನೆ ಕಣೆ ಅಂದ್ಲು."

"ಬಂದ್ರೆ ಏನಾಗ್ತಿತ್ತು?" ಎಂದಳು ಸೂರಮ್ಮ.

"ಮನೇಲಿ ಇನ್ನೂ ಸೊಪ್ಪು ಬೇಯ್ಸಿ ಉಣ್ತಿದ್ವಿ," ಎಂದಳು ಕರಿಯಕ್ಕ. "ಮಾರನೇ ವರ್ಷಾನೂ ಹೋದ್ಲು. ಹಂಗೇ ನೋಡಿ ಬಂದ್ಲು. ಅವ್ನೇ ಬಂದಾಗ ನನ್ ಕೈಲಿ ಭಾಷೆ ತಗಂಡ್ಲು, ಸಾಯೋ ಗಂಟ ಯಾರಿಗೂ ಅನ್ನಬ್ಯಾಡ, ಅವನಿಗೂ ಅನ್ನಬ್ಯಾಡ, ಬಾಯಿಂದ ಬಾಯಿಗೆ ಹೋಗ್ತದೆ, ನನ್ ಮಗನ್ನ ಹೊರಗಿಡ್ತಾರೆ ಅಂತ. ಉಗಾದಿ ದಿನ ಹೇಳಾನ ಅಂತ್ಲೇ ಬಾಯಿ ತೆಗೆದೆ. ಎಲ್ಲಾರೂ ನನ್ ಕಡೆ ತಿರುಗಿದ್ರು. ನಂಗೂ ಮಕ್ಳವೆ, ಮೊಮ್ಮಕ್ಳವೆ. ಆಗ್ಲಿಲ್ಲ. ಇನ್ನೊಂದ್ ದಿನ ಬಂದು ಅವನ ಕಿವಿಯಾಗೆ ಹೇಳಿದ್ರಾಯ್ತು ಅಂದ್ಕಂಡೆ. ಜ್ವರ ಅಂತ ಗೊತ್ತಿತ್ತು, ಇಷ್ಟು ಜಲ್ದಿ ಅಂತ ಗೊತ್ತಿರಲಿಲ್ಲ."

ದಿಬ್ಬದಾಚೆ ತಮಟೆ ನಿಂತಿತು. ಒಂದು ಎಳೆ ಹೊಗೆ ಎದ್ದು, ಗಾಳಿಯಿಲ್ಲದ್ದರಿಂದ ನೆಟ್ಟಗೆ ಮೇಲೇರಿತು.

ಸೂರಮ್ಮ ದಿಬ್ಬದ ಕಡೆ ತಿರುಗಿದಳು. ಕರಿಯಕ್ಕ ಸೆರಗು ಹಿಡಿದಳು. "ಎಲ್ಲಿಗೆ? ಹೆಂಗಸರು ಹೋಗಂಗಿಲ್ಲ." ಸೆರಗು ಬಿಡಿಸಿಕೊಂಡು ಅವಳು ದಿಬ್ಬ ಹತ್ತಿದಳು. ಕಾಲಕೆಳಗಿನ ಕಲ್ಲು ಸುಡುತ್ತಿತ್ತು. ಗೌರಸಮುದ್ರದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲು ನೋಡುತ್ತ ಕೂತಿರುವ ಮಗಳು ಕಣ್ಣಿಗೆ ಬಂದಳು. ಕಾಲುಗಳು ಒಂದು ಗಳಿಗೆ ನಿಂತವು. ದಿಬ್ಬದ ಮೇಲಿಂದ ಬೆಂಕಿ ಕಾಣಿಸಿತು. ಕಾಲಿನ ಕಡೆಯಿಂದ ಮೇಲಕ್ಕೆ ಹತ್ತುತ್ತಿತ್ತು. ತಲೆಗೆ ಇನ್ನೂ ಮುಟ್ಟಿರಲಿಲ್ಲ.

ಗಂಡಸರು ಆಗಲೇ ಬೆಂಕಿಗೆ ಬೆನ್ನು ಹಾಕಿ ಸಾಲಾಗಿ ಹೊರಟಿದ್ದರು. ಚಿತೆ ಹೊತ್ತಿದ ಮೇಲೆ ಹಿಂದಕ್ಕೆ ತಿರುಗಿ ನೋಡಬಾರದು. ಮುಂದೆ ಗಾದ್ರಪ್ಪ, ಹಿಂದೆ ಕಾಟಪ್ಪ, ಅವನ ಹಿಂದೆ ಉಳಿದವರು. ಎದುರಿಗೆ ಬರುತ್ತಿದ್ದ ಸೂರಮ್ಮನನ್ನು ಕಂಡು ಕಾಟಪ್ಪ, "ಅತ್ತಿಗೆ, ಬ್ಯಾಡ," ಎಂದ. ಅವಳು ಅವರನ್ನು ಹಾದು ಮುಂದಕ್ಕೆ ಹೋದಳು. ಶಾಖ ಮುಖಕ್ಕೆ ಹೊಡೆಯುವಷ್ಟು ಹತ್ತಿರ ಹೋಗಿ, ತಲೆಯ ದಿಕ್ಕಿಗೆ ಕೂತಳು.

"ಯರ್ರಮ್ಮನ ಅಪ್ಪಾ," ಎಂದಳು. ಸೌದೆ ಸಿಡಿಯುವ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ದನಿ ಎತ್ತರಿಸಿದಳು. "ನಿಮ್ಮವ್ವ ಬಂದಿದ್ಲಂತೆ. ಪಾದ್ರಿ ಮನೆ ಬೇಲಿ ತಾವ ಬಂದು ನಿಂತಿದ್ಲಂತೆ. ಒಂದ್ಸಲ ಅಲ್ಲ, ಎರಡ್ ಸಲ ಬಂದಿದ್ಲಂತೆ. ನೀನು ಬರೀತಾ ಕೂತಿದ್ದೆಯಂತೆ, ನಗ್ತಿದ್ದೆಯಂತೆ. ಕರೆದ್ರೆ ನೀನು ಬಂದ್ಬಿಡ್ತೀಯ ಅಂತ ಕರೀಲಿಲ್ಲಂತೆ. ಕೇಳಿಸ್ತಾ? ಕರೆದ್ರೆ ಬಂದ್ಬಿಡ್ತೀಯ ಅಂತ."

ಕಾಲುದಾರಿಯಲ್ಲಿ ಗಾದ್ರಪ್ಪನ ಕೋಲು ನಿಂತಿತು. ಅವನ ಹಿಂದೆ ಕಾಟಪ್ಪ ನಿಂತ. ಒಬ್ಬರ ಹಿಂದೆ ಒಬ್ಬರಾಗಿ ಇಡೀ ಸಾಲು ನಿಂತಿತು. ಸೂರಮ್ಮ ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಬೆವರಿಗೆ ಅಂಟಿದ ಅಂಗವಸ್ತ್ರಗಳ ಆ ಬೆನ್ನುಗಳು ಅಲುಗದೆ ನಿಂತಿದ್ದವು. ಹಿಂದಕ್ಕೆ ತಿರುಗುವಂತಿರಲಿಲ್ಲ. ಮುಂದಕ್ಕೂ ಒಬ್ಬನೂ ಹೆಜ್ಜೆ ಎತ್ತಿಡಲಿಲ್ಲ.